ಲತಾಮಣಿಯ ಉಗುರುಬೆಚ್ಚಗಿನ ನೀರು

ಲತಾಮಣಿ ಕಾಲೇಜಿಗೆ ಸೇರಿದ್ದಾಳೆ ಎಂದರೆ ರಾಮನಗರದ ಅವರ ಬೀದಿಯಲ್ಲಿ ಯಾರೂ ನಂಬಲಿಲ್ಲ. ಆ ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದವಳು ಮಗಳು ರಮ್ಯಾ, ಬಿ.ಕಾಂ. ಓದುವವಳು. ತಾಯಿಗೆ ನಲವತ್ತು ದಾಟಿತ್ತು. ಮದುವೆಯಾದಾಗಿನಿಂದ ಮನೆಯ ಹಿಂದಿನ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತ ಬೇಸಿನ್ನಿನ ಮುಂದೆ ನಿಂತವಳು. ಅಂಥವಳು ಬ್ಯಾಗು ಹೆಗಲಿಗೇರಿಸಿಕೊಂಡು ದಿನಾ ಬೆಳಿಗ್ಗೆ ಚನ್ನಪಟ್ಟಣದ ಬಸ್ಸು ಹತ್ತುವುದನ್ನು ಎದುರುಮನೆಯ ವೆಂಕಟಲಕ್ಷ್ಮಮ್ಮ ಕಿಟಕಿಯಿಂದ ನೋಡಿ ನೋಡಿ, ತಡೆದುಕೊಳ್ಳುವಷ್ಟು ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟಳು.

“ಯಾರ್‍ನಾರ ಆಸ್ಪತ್ರೆಗೆ ಸೇರ್‍ಸಿದ್ದೀರಾ ಲತಾ? ದಿನಾ ಬ್ಯಾಗ್ ಹಿಡ್ಕಂಡು ಹೋಯ್ತೀಯಲ್ಲ.”

“ಇಲ್ಲ ಕಣಕ್ಕ. ನಾನೇ ಓದಕ್ಕೆ ಸೇರ್ಕಂಡಿವ್ನಿ. ವಯಸ್ಸಾದೋರ್‍ನ ನೋಡ್ಕಳೋ ಕೋರ್ಸು.”

“ಈ ವಯಸ್ಸಲ್ಲಾ?”

“ಊಂ.”

ವೆಂಕಟಲಕ್ಷ್ಮಮ್ಮ ಇನ್ನೂ ಏನಾದರೂ ಬರಬಹುದೆಂದು ಕಾದಳು. ಏನೂ ಬರಲಿಲ್ಲ. ಬಸ್ಸು ಬಂತು, ಲತಾಮಣಿ ಹತ್ತಿಕೊಂಡು ಹೋದಳು.

ಹಾಗೆ ನೋಡಿದರೆ ಅವಳಿಗೆ ಚನ್ನಪಟ್ಟಣದ ಕಾಲೇಜು ದಾರಿ ಹೊಸದೇನಲ್ಲ. ಅವಳು ಹೊಂಗನೂರಿನ ಹುಡುಗಿ, ರೇಷ್ಮೆ ಹುಳ ಸಾಕುವ ಮನೆಯವಳು. ಪಿಯುಸಿ ಮುಗಿಸಿ ಬಿ.ಎ.ಗೆ ಸೇರಿದ್ದಳು. ಮೊದಲ ವರ್ಷ ಮುಗಿಯುವ ಮೊದಲೇ ರೇಷ್ಮೆಗೂಡು ಸಾಗಿಸುವ ಆಟೊ ಓಡಿಸುತ್ತಿದ್ದ ಬಾಲರಾಜುವಿನ ಜೊತೆ ಮದುವೆಯಾಯಿತು. ಅತ್ತೆ ಶಿವಲಿಂಗಮ್ಮ ಆಗಲೇ ಫಿಲೇಚರಿಗೆ ಹೋಗುತ್ತಿದ್ದಳು. “ಮನೇಲಿ ಕುಂತು ಏನ್ ಮಾಡೀಯೆ, ಗೂಡಿನ ಸೀಸನ್ ಮುಗಿಯೋಗಂಟ ಬಾ” ಎಂದು ಸೊಸೆಯನ್ನೂ ಕರೆದುಕೊಂಡು ಹೋದಳು. ರಾಮನಗರದಲ್ಲಿ ಗೂಡಿನ ಸೀಸನ್ನು ಯಾವತ್ತು ಮುಗಿದಿದೆ? ಹೋದವಳು ಅಲ್ಲೇ ಉಳಿದಳು.

ಕೆಲಸ ಏನೆಂದರೆ, ಕುದಿಯುವ ನೀರಿನಲ್ಲಿ ಗೂಡು ಬೇಯಿಸುವುದು, ಆ ಬಿಸಿನೀರಿಗೇ ಕೈ ಹಾಕಿ ಎಳೆಯ ತುದಿ ಹುಡುಕಿ ರಾಟೆಗೆ ಕೊಡುವುದು. ಎಳೆಯೆಲ್ಲ ಬಿಚ್ಚಿದ ಮೇಲೆ ಒಳಗಿನ ಸತ್ತ ಹುಳವನ್ನು ಬಾಚಿ ತೆಗೆಯುವುದು. ಮೊದಮೊದಲು ಬೆರಳಿಗೆಲ್ಲ ಬೊಬ್ಬೆ ಎದ್ದವು. ಆಮೇಲೆ ಚರ್ಮ ಬಿಳಿಚಿಕೊಂಡು ಸುಲಿಯಿತು. ಒಂದು ದಿನ ಬೇಸಿನ್ನಿಗೆ ಕೈ ಹಾಕಿದರೆ ಏನೂ ಆಗಲಿಲ್ಲ. “ಕೈ ಪಳಗ್ತು ಬುಡು” ಎಂದು ಪಕ್ಕದ ಬೇಸಿನ್ನಿನವರು ಮೆಚ್ಚಿದರು. ಲತಾಮಣಿಯೂ ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡಳು.

ಮನೆಯಲ್ಲಿ ಇದೊಂದು ತಮಾಷೆಯಾಯಿತು. ಬಚ್ಚಲಿನ ಹಂಡೆಗೆ ಹೊಂಗನೂರಿನಿಂದ ತಂದ ಹಿಪ್ಪುನೇರಳೆ ಕಡ್ಡಿಯ ಉರಿ. ಲತಾಮಣಿ ಬಕೆಟ್ಟಿಗೆ ನೀರು ಬೆರೆಸಿ “ಹದವಾಗೈತೆ, ಹೋಗಿ” ಎಂದರೆ, ಬಾಲರಾಜು ಒಂದು ಚೊಂಬು ಸುರಿದುಕೊಂಡು ಬೀದಿಗೆ ಕೇಳುವಂತೆ ಕೂಗುತ್ತಿದ್ದ. “ಲೇ ಲತಾ, ನಾನೇನ್ ಗೂಡೇನೇ, ಬೇಯ್ಸಕ್ಕೆ?” ಅಂದಿನಿಂದ ಆ ಬಚ್ಚಲಿನಲ್ಲಿ ತಣ್ಣೀರಿನ ಬಕೆಟ್ಟೊಂದು ಯಾವಾಗಲೂ ತುಂಬಿರುತ್ತಿತ್ತು. ಲತಾಮಣಿ ಬೆರೆಸಿದ ನೀರಿಗೆ ಒಂದೆರಡು ಮಗ್ಗು ತಣ್ಣೀರು ಹಾಕಿಕೊಂಡೇ ಸ್ನಾನಕ್ಕೆ ಕೂರುವುದು ಮನೆಯವರಿಗೆಲ್ಲ ರೂಢಿಯಾಯಿತು. ಇವರ ಮೈಯೇ ಮೆತ್ತಗೆ ಎಂದು ಲತಾಮಣಿ ತಿಳಿದಿದ್ದಳು. ತನ್ನ ಕೈಯ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಮನೆಯವರಿಗೂ ಬರಲಿಲ್ಲ ಎನ್ನುವುದೇ ನನಗೆ ಸಿಟ್ಟು ತರಿಸುವ ಸಂಗತಿ. ತಣ್ಣೀರು ಬೆರೆಸಿಕೊಂಡು ನಗುವಷ್ಟು ಬುದ್ಧಿ ಇದ್ದವರಿಗೆ, ಇವಳಿಗೇಕೆ ಸುಡುವುದಿಲ್ಲ ಎಂದು ಒಂದು ದಿನವಾದರೂ ಕೇಳುವ ಬುದ್ಧಿ ಬರಬೇಡವೇ?

ರಮ್ಯಾ ಹುಟ್ಟಿದಾಗ ಶಿವಲಿಂಗಮ್ಮ ಮಗುವನ್ನು ಎತ್ತಿಕೊಂಡು, “ನೀರ್ ಹಾಕೋದು ನಂಗ್ ಬುಡು. ನಿನ್ ನೀರು ಎಳೆ ಮೈಗಲ್ಲ” ಎಂದುಬಿಟ್ಟಳು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ತೊಟ್ಟಿಲಿಗೆ ಹಾಕುವವರೆಗೆ ಎಲ್ಲವೂ ಅತ್ತೆಯದೇ. ಹುಡುಗಿ ತಾನೇ ನೀರು ಹಾಕಿಕೊಳ್ಳುವಷ್ಟು ದೊಡ್ಡವಳಾಗುವ ತನಕ ಹಾಗೇ ನಡೆಯಿತು. ಲತಾಮಣಿಗೆ ನೋವಾಯಿತೇ ಎಂದರೆ, ಆಗಿರಬೇಕು. ಅವಳು ಅದನ್ನು ನೆನಪಿಟ್ಟುಕೊಳ್ಳಲಿಲ್ಲ. ಮಗುವಿಗೆ ಹಾಲೂಡಿಸಿ ಬೇಸಿನ್ನಿಗೆ ಓಡಬೇಕಿತ್ತು.

ಎರಡು ವರ್ಷದ ಹಿಂದೆ ಶಿವಲಿಂಗಮ್ಮ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಒಬ್ಬ ನರ್ಸು ದಿನಕ್ಕೆ ಹಲವು ಸಲ ಬಂದು, ಮುದುಕಿಯ ಭುಜದ ಕೆಳಗೆ ಕೈ ತೂರಿಸಿ, “ಅಜ್ಜಿ, ಈ ಕಡೆ ತಿರುಗಿಸ್ತೀನಿ” ಎಂದು ಹೇಳಿಯೇ ತಿರುಗಿಸುತ್ತಿದ್ದಳು. ಮುದುಕಿಗೆ ಆಗ ಮಾತು ನಿಂತಿತ್ತು, ಕೇಳಿಸುತ್ತಿತ್ತೋ ಇಲ್ಲವೋ. ಆದರೂ ಹೇಳದೆ ತಿರುಗಿಸಿದ್ದನ್ನು ಲತಾಮಣಿ ನೋಡಲಿಲ್ಲ. ಅತ್ತೆಯ ತಿಥಿ ಕಳೆದು ಬೇಸಿನ್ನಿಗೆ ಮರಳಿದ ದಿನ, ಜಾಲರಿಯಲ್ಲಿ ಬಿದ್ದಿದ್ದ ಹುಳಗಳನ್ನು ಬಾಚುತ್ತಿದ್ದಾಗ ಅವಳಿಗೆ ಒಂದು ಯೋಚನೆ ಬಂತು. ತನ್ನ ಕೈಗೆ ಸಿಕ್ಕಿದ್ದರಲ್ಲಿ ಜೀವ ಇದ್ದದ್ದು ಒಂದೂ ಇಲ್ಲ. ಹಾಗೆಂದು ಅವಳೇನೂ ಕಣ್ಣೀರು ಹಾಕಲಿಲ್ಲ. ಅತ್ತೆ ಹೋದಾಗಲೂ ಅವಳಿಗೆ ಅಳು ಬಂದಿರಲಿಲ್ಲ, ಬೀದಿಯವರು ಅದನ್ನೂ ಆಡಿಕೊಂಡಿದ್ದರು. ಒಳಗೆ ಎಲ್ಲೋ ಜೋಮು ಹಿಡಿದಂತಿತ್ತು, ಅಷ್ಟೆ. ಆದರೆ ಆ ಯೋಚನೆ ಮಾತ್ರ ಹೋಗಲಿಲ್ಲ.

ಚನ್ನಪಟ್ಟಣದಲ್ಲಿ ವಯಸ್ಸಿನ ಕಟ್ಟುಪಾಡಿಲ್ಲದೆ ಹಿರಿಯರ ಆರೈಕೆಯ ಡಿಪ್ಲೊಮಾ ಕಲಿಸುತ್ತಾರೆಂದು ಪತ್ತೆ ಮಾಡಿದವಳು ರಮ್ಯಾ. ಗಂಡನಿಗೆ ಹೇಳಿದಾಗ ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮಾಡು. ಯಾರ್ ಬ್ಯಾಡ ಅಂದ್ರು?”

ಮುದ್ದೆಯ ತುತ್ತು ನುಂಗಿ ಮತ್ತೆ ಹೇಳಿದ. “ಈ ಸಲನೂ ಅರ್ಧಕ್ಕೆ ಬುಡಬ್ಯಾಡ, ಅಷ್ಟೆಯ.”

ಮೊದಲ ಸಲ ಓದು ಅರ್ಧಕ್ಕೆ ನಿಂತದ್ದು ತನ್ನನ್ನು ಮದುವೆಯಾದದ್ದಕ್ಕೇ ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಕ್ಲಾಸಿನಲ್ಲಿದ್ದವರೆಲ್ಲ ರಮ್ಯಾಳ ವಾರಗೆಯವರು. ಮೊದಲು ಆಂಟಿ ಎಂದರು, ಆಮೇಲೆ ಅಕ್ಕ ಎಂದರು. ಪಾಠ ಹೇಳುವ ಸುಮನಾ ಮೇಡಂಗೇ ಮೂವತ್ತು ದಾಟಿರಲಿಕ್ಕಿಲ್ಲ. ಅಷ್ಟು ವರ್ಷದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತಾಗ ಎದೆ ತುಂಬಿ ಬರುತ್ತದೆ ಎಂದು ಲತಾಮಣಿ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬೆಂಚು ಗಟ್ಟಿಯಾಗಿತ್ತು, ಫ್ಯಾನು ತಿರುಗುತ್ತಿತ್ತು, ಅವಳು ಬರೆದುಕೊಳ್ಳುತ್ತಿದ್ದಳು. ಕಾಲು ತೊಳೆಯುವ ಪಾಠದ ದಿನ ಮೇಡಂ ಒಂದು ಟಬ್ಬಿನಲ್ಲಿ ನೀರು ಬೆರೆಸಿಟ್ಟು, ಎಲ್ಲರೂ ಕೈ ಹಾಕಿ ನೋಡಿ ಎಂದರು. “ಅಮ್ಮಾ, ಬಿಸಿ ಮೇಡಂ!” ಎಂದು ಹುಡುಗಿಯರು ಕೈ ಕೊಡವಿಕೊಂಡರು. ಲತಾಮಣಿ ಕೈ ಹಾಕಿ ಸುಮ್ಮನೆ ಈಚೆ ತೆಗೆದಳು. ಈ ಕಾಲದ ಮಕ್ಕಳು, ಒಲೆಯ ಮುಂದೆ ನಿಂತವರಲ್ಲ ಎಂದುಕೊಂಡಳು.

ಕಾಲೇಜಿನವರು ತರಬೇತಿಗೆಂದು ಅವರನ್ನು ಕನಕಪುರ ರಸ್ತೆಯ ಒಂದು ವೃದ್ಧರ ಆರೈಕೆ ಮನೆಗೆ ಕಳಿಸಿದರು. ಅಲ್ಲಿ ಲತಾಮಣಿಯ ಪಾಲಿಗೆ ಬಂದವಳು ಸೋಲೂರಿನ ದೊಡ್ಡಲಕ್ಷ್ಮಮ್ಮ. ಸಕ್ಕರೆ ಕಾಯಿಲೆ ಹಳೆಯದಾಗಿ, ಪಾದಗಳೆರಡೂ ಸ್ಪರ್ಶ ಕಳೆದುಕೊಂಡಿದ್ದವು.

“ಕಾಲು ನಂದೋ ಮಂಚದ್ದೋ ಗೊತ್ತಾಗಕಿಲ್ಲ ಕಣ್ ಮಗ. ನೋಡುದ್ರೆ ಅವೆ, ನೋಡ್ದಿದ್ರೆ ಇಲ್ಲ.”

ಬಾಯಿ ಮಾತ್ರ ಚುರುಕು. ಸೋಲೂರಿನ ತೆಂಗು, ತಾನು ಸಾಕಿದ ಹಸುಗಳು, ಯಾವ ಹಸು ಯಾರ ಕೈಗೆ ಮಾತ್ರ ಹಾಲು ಕೊಡುತ್ತಿತ್ತು, ಯಾವುದು ಒದೆಯುತ್ತಿತ್ತು, ಎಲ್ಲ ಹೇಳುತ್ತಿದ್ದಳು. ಲತಾಮಣಿ ಅವಳ ಉಗುರು ಕತ್ತರಿಸುತ್ತ, ಬೆರಳ ಸಂದಿಯಲ್ಲಿ ಗಾಯವೇನಾದರೂ ಇದೆಯೇ ಎಂದು ನೋಡುತ್ತ ಊಂಗುಟ್ಟುತ್ತಿದ್ದಳು. ಒಂದು ದಿನ ಮುದುಕಿ ಬಗ್ಗಿ ಅವಳ ತಲೆ ಸವರಿ, “ನಿನ್ ಕೈ ಚೆಂದಾಗೈತೆ ಕಣವ್ವ” ಎಂದಳು. ಕಾಲಿಗೆ ಗೊತ್ತಾಗದಿದ್ದರೂ ಹಾಗೆಂದಳು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಲತಾಮಣಿ ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಅದು ನಡೆಯಿತು. ಟಬ್ಬಿಗೆ ಗೀಸರಿನ ನೀರು ಬಿಟ್ಟು, ತಣ್ಣೀರು ಬೆರೆಸಿ, ಲತಾಮಣಿ ಕೈ ಹಾಕಿ ನೋಡಿದಳು. ಉಗುರುಬೆಚ್ಚಗಿತ್ತು. ಮುದುಕಿಯ ಪಾದಗಳನ್ನು ನಿಧಾನವಾಗಿ ಎತ್ತಿ ಒಳಗಿಟ್ಟಳು. ಕೆಂದು ಹಸು ತಾಯಿಲ್ಲದ ಕರುವಿಗೆ ಹಾಲು ಕುಡಿಸಿದ ಕಥೆ ಅವತ್ತು ನಡೆದಿತ್ತು. ಒದ್ದೆ ಬಟ್ಟೆಯಲ್ಲಿ ಪಾದ ಉಜ್ಜುತ್ತ, ಕಥೆ ಕೇಳುತ್ತ, ಲತಾಮಣಿ ನಕ್ಕಳು ಕೂಡ. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ಕಾಲು ಈಚೆ ತೆಗೆದಾಗ ಕಣಕಾಲಿನವರೆಗೆ ಚರ್ಮ ಕೆಂಪಾಗಿತ್ತು. ರಕ್ತ ಚೆನ್ನಾಗಿ ಓಡಾಡುತ್ತಿದೆ ಎಂದು ಲತಾಮಣಿ ಖುಷಿಪಟ್ಟಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಪಾದದ ತುಂಬ ಬೊಬ್ಬೆ ಎದ್ದಿದ್ದವು.

ಡಾಕ್ಟರು ಬಂದು ಔಷಧಿ ಹಚ್ಚಿ ಬ್ಯಾಂಡೇಜು ಕಟ್ಟಿದರು. ಸುಮನಾ ಮೇಡಂ ಚನ್ನಪಟ್ಟಣದಿಂದ ಓಡಿಬಂದರು.

“ನೀರು ಮುಟ್ಟಿ ನೋಡ್ಲಿಲ್ವಾ?”

“ನೋಡ್ದೆ ಮೇಡಂ. ಉಗುರುಬೆಚ್ಚಗಿತ್ತು.”

ಸುಳ್ಳು ಹೇಳುತ್ತಿದ್ದಾಳೆ ಎಂದೇ ಸುಮನಾಗೆ ಅನ್ನಿಸಿತು. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಹೇಗೆ ಬೆರೆಸಿದಿರೋ ಹಾಗೇ ಬೆರೆಸಿ ಎಂದರು. ಲತಾಮಣಿ ಬೆರೆಸಿದಳು, ಮಣಿಕಟ್ಟಿನವರೆಗೆ ಕೈ ಇಳಿಸಿದಳು, ಇನ್ನೊಂದಿಷ್ಟು ಬಿಸಿ ಬಿಟ್ಟಳು.

“ಹಿಂಗೇ ಇತ್ತು ಮೇಡಂ.”

ಸುಮನಾ ಪಕ್ಕದಲ್ಲೇ ಬೆರಳು ಅದ್ದಿ, ಅಯ್ಯೋ ಎಂದು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನೀರಿನೊಳಗಿದ್ದ ಲತಾಮಣಿಯ ಕೈಯನ್ನು ನೋಡುತ್ತ ನಿಂತರು. ಲತಾಮಣಿಯೂ ನೋಡಿದಳು. ಕೈ ಸುಮ್ಮನೆ ಅಲ್ಲಿತ್ತು.

“ಲತಾಮಣಿಯವರೇ, ಕೈ ತೆಗೀರಿ.”

ತೆಗೆಯಬೇಕು ಎಂದು ಅವಳಿಗೆ ಅನ್ನಿಸಿರಲಿಲ್ಲ. ಮೇಡಂ ಇನ್ನೊಂದು ಸಲ ಹೇಳಿದ ಮೇಲೆ ತೆಗೆದಳು. ಬೇಸಿನ್ನು, ಬಚ್ಚಲು, ಬಾಲರಾಜುವಿನ ಕೂಗು, ಅತ್ತೆ ಎತ್ತಿಕೊಂಡ ಮಗು, ಎಲ್ಲ ಒಟ್ಟಿಗೆ ತಲೆಗೆ ಬಂದವು. ಅವರ ಮೈ ಮೆತ್ತಗಿರಲಿಲ್ಲ, ಜೋಮು ಹಿಡಿದದ್ದು ತನ್ನ ಕೈ.

ಮುದುಕಿಯ ಮಗ ನರೇಂದ್ರ ಸೋಲೂರಿನಿಂದ ಬಂದವನು ವರಾಂಡದಲ್ಲೇ ಅವಳನ್ನು ಹಿಡಿದು ನಿಲ್ಲಿಸಿದ. “ನಮ್ಮವ್ವನ್ನ ಬೇಯ್ಸ್‌ಲಿ ಅಂತ ಬುಟ್ಟಿದ್ವೇನಮ್ಮ ಇಲ್ಲಿ? ಮನುಷ್ಯರೇನ್ರೀ ನೀವು?” ಎಂದು ಬಾಯಿಗೆ ಬಂದಂತೆ ಬೈದ. ಅವನು ಬೈದದ್ದರಲ್ಲಿ ತಪ್ಪೇನಿಲ್ಲ. “ತಪ್ಪಾಯ್ತು ಅಣ್ಣ” ಎಂದಳು ಲತಾಮಣಿ. ಆ ಮಾತು ಅವನಿಗೂ ಸಾಲಲಿಲ್ಲ, ಅವಳಿಗೂ ಸಾಲಲಿಲ್ಲ. ಸುಮನಾ ಅವಳನ್ನು ಬದಿಗೆ ಕರೆದು, ತಾನು ಹೇಳುವ ತನಕ ಯಾರ ಮೈಯನ್ನೂ ಮುಟ್ಟುವಂತಿಲ್ಲ ಎಂದರು.

ಹೊರಡುವ ಮೊದಲು ಮುದುಕಿಯ ಮಂಚದ ಹತ್ತಿರ ಹೋದಳು. ದೊಡ್ಡಲಕ್ಷ್ಮಮ್ಮ ಬ್ಯಾಂಡೇಜಿನ ಕಾಲುಗಳನ್ನು ಯಾರದೋ ಸಾಮಾನಿನಂತೆ ನೋಡುತ್ತಿದ್ದಳು.

“ನಂಗೂ ಗೊತ್ತಾಗ್ನಿಲ್ಲ, ನಿಂಗೂ ಗೊತ್ತಾಗ್ನಿಲ್ಲ. ಯಾರ್‍ನ ಬೈಯಾನ ಮಗ?”

“ನನ್ನೇ ಬೈಯಿ ಅಜ್ಜಿ.”

“ಬೈದ್ರೆ ನೀ ಬರಾಕಿಲ್ಲ. ಕೆಂದು ಹಸುದು ಒಸಿ ಬಾಕಿ ಐತೆ. ಬತ್ತೀಯ ತಾನೆ?”

ಲತಾಮಣಿ ಹೊದಿಕೆಯ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದಳು. ಮುಟ್ಟುವಂತಿಲ್ಲ ಎಂದಿದ್ದರು, ಅದಕ್ಕೆ ಹೊದಿಕೆಯನ್ನೂ ಸರಿಮಾಡದೆ ಹೊರಟಳು.

ಸುದ್ದಿ ಬೀದಿಗೆ ಬಂದದ್ದು ಹೇಗೋ, ಬಂತು. ಫಿಲೇಚರಿನ ಮಾಲೀಕ ಅದ್ನಾನ್ ಬಾಗಿಲಿಗೇ ಬಂದು, “ಅಕ್ಕ, ನಿಮ್ ಬೇಸಿನ್ ಹಂಗೇ ಐತೆ. ಬೇಜಾರ್ ಮಾಡ್ಕೋಬೇಡಿ, ಬನ್ನಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಾರನೆಯ ದಿನ ಅವಳು ಹೋದಳು. ಹಬೆ, ಹುಳದ ವಾಸನೆ, ರಾಟೆಯ ಸದ್ದು ಎಲ್ಲ ಇದ್ದ ಹಾಗೇ ಇದ್ದವು. ಪಕ್ಕದಲ್ಲಿ ಹೊಸದಾಗಿ ಸೇರಿದ ಹೆಂಗಸೊಬ್ಬಳು ನೀರಿಗೆ ಬೆರಳು ಹಾಕಿ ಹಾಕಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಲತಾಮಣಿ ಕೈ ಇಳಿಸಿದಳು, ಎಳೆ ತಾನಾಗಿ ಬಂತು. ಇಲ್ಲಿ ಅವಳ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಇಲ್ಲೇ ಇದ್ದುಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎನ್ನಿಸಿತು. ಸಂಜೆಯವರೆಗೂ ಹಾಗೇ ಅನ್ನಿಸುತ್ತಿತ್ತು. “ಕೈ ಪಳಗೋಗಂಟ ಎಷ್ಟ್ ದಿನ ಬೇಕಕ್ಕ?” ಎಂದು ಆ ಹೊಸಬಳು ಕೇಳಿದಾಗ ಮಾತ್ರ ಲತಾಮಣಿ ಬೇಸಿನ್ನಿನಿಂದ ಕೈ ತೆಗೆದಳು.

“ಪಳಗಿಸ್ಕಬ್ಯಾಡ ಕಣವ್ವ” ಎಂದಷ್ಟೇ ಹೇಳಿ ಕೈ ಒರೆಸಿಕೊಂಡು ಈಚೆ ಬಂದಳು.

ಮರುದಿನ ಚನ್ನಪಟ್ಟಣಕ್ಕೆ ಹೋಗಿ ಸುಮನಾ ಮೇಡಂ ಮುಂದೆ ನಿಂತಳು. ಬಿಡಿಸಿದರೆ ಬಿಡಿಸಲಿ, ಈ ಸಲ ತಾನಾಗಿ ಬಿಡುವುದಿಲ್ಲ ಎಂದು ಮನಸ್ಸಿನಲ್ಲಿತ್ತು. ಸುಮನಾ ಅವಳನ್ನು ಕೂರಿಸಿ, ಟೀ ತರಿಸಿದರು. ಟೀ ಲೋಟದಲ್ಲಿದ್ದ ಚಮಚ ತೆಗೆದು ಅವಳ ಬೆರಳ ತುದಿಗೆ ತಾಗಿಸಿದರು.

“ಗೊತ್ತಾಗುತ್ತಾ?”

“ಇಲ್ಲ.”

ಮತ್ತೆ ಮತ್ತೆ ಬಿಸಿ ಟೀಗೆ ಅದ್ದಿ, ಅಂಗೈ, ಮಣಿಕಟ್ಟು, ಮುಂಗೈ, ಹೀಗೆ ಮೇಲೆ ಮೇಲೆ ಬಂದರು. ಇಲ್ಲ, ಇಲ್ಲ, ಒಂಚೂರು ಎಂದಳು. ಮೊಣಕೈಯ ಒಳಮಡಿಕೆಗೆ ಚಮಚ ತಾಗಿದ್ದೇ ತಡ, “ಅಯ್ಯಪ್ಪಾ!” ಎಂದು ತೋಳು ಕಿತ್ತುಕೊಂಡಳು. ಟೀ ಲೋಟ ಉರುಳಿತು. ಇಬ್ಬರೂ ಅದನ್ನು ಎತ್ತಲಿಲ್ಲ. ಸುಟ್ಟುಕೊಂಡು ಯಾರಾದರೂ ಸಂತೋಷಪಡುವುದುಂಟೇ? ಲತಾಮಣಿ ಪಟ್ಟಳು.

“ಇನ್ನು ಮೇಲೆ ನೀರಿನ ಮಟ್ಟಿಗೆ ನಿಮ್ಮ ಕೈ ಈ ಮೊಣಕೈನೇ” ಎಂದರು ಸುಮನಾ. “ಥರ್ಮಾಮೀಟರ್ ಹಾಕಿ ನೋಡೋದನ್ನ ನಾನು ಎಲ್ಲರಿಗೂ ಕಡ್ಡಾಯ ಮಾಡ್ತೀನಿ, ಇಷ್ಟು ದಿನ ಮಾಡದೇ ಇದ್ದದ್ದು ನನ್ನ ತಪ್ಪು. ಆದ್ರೆ ಅದಿಲ್ಲದ ಮನೆಗಳಿಗೂ ನೀವು ಹೋಗಬೇಕಾಗುತ್ತೆ. ಎಳೆ ಮಕ್ಕಳಿಗೆ ನೀರು ಹಾಕುವಾಗ ತಾಯಂದಿರು ಮೊಣಕೈ ಅದ್ದಿ ನೋಡಲ್ವಾ? ಹಾಗೆ.”

“ನನ್ ಮಗೀಗೆ ನಾನು ನೀರ್ ಹಾಕ್ನಿಲ್ಲ ಮೇಡಂ.”

ಸುಮನಾ ಉರುಳಿದ ಲೋಟ ಎತ್ತಿಟ್ಟರು. “ಮನೇಲಿ ಅಭ್ಯಾಸ ಮಾಡಿ” ಎಂದರು. “ಮನೆಯವರು ಸರಿಯಾಗಿದೆ ಅಂದ ಮೇಲೆ ಬನ್ನಿ. ನಾನೂ ಒಂದು ಸಲ ನೋಡ್ತೀನಿ. ಆಮೇಲೆ ವಾರ್ಡಿಗೆ ಹೋಗೋಣ.”

ಅಭ್ಯಾಸಕ್ಕೆ ಮೊದಲು ಸಿಕ್ಕವನು ಬಾಲರಾಜು. ಸುಡಬಾರದೆಂಬ ಹೆದರಿಕೆಗೆ ಲತಾಮಣಿ ತಣ್ಣೀರನ್ನೇ ಹೆಚ್ಚು ಸುರಿದಿದ್ದಳು. ಬಚ್ಚಲಿನಿಂದ ಹಲ್ಲು ಕಟಕಟ ಅನ್ನುವ ಸದ್ದಿನ ಜೊತೆಗೆ ಕೂಗು ಬಂತು. “ಬೇಯ್ಸಿದ್ದು ಸಾಲ್ದು ಅಂತ ಈಗ ಫ್ರಿಜ್ಜಿಗೆ ಹಾಕ್ತಿದ್ದೀಯೇನೇ?” ಆದರೆ ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅವನು ತಾನಾಗಿಯೇ ಹೋಗಿ ಕೂತ. ಈಗ ಒಸಿ ಬಿಸಿ, ಈಗ ಒಸಿ ತಣ್ಣಗೆ ಎಂದು ಒಳಗಿನಿಂದ ಹೇಳುತ್ತಿದ್ದ. ಮೊದಲಿನ ಹಾಗೆ ಬೀದಿಗೆ ಕೇಳುವಂತೆ ಹೇಳುತ್ತಿರಲಿಲ್ಲ.

ಭಾನುವಾರ ಲತಾಮಣಿ ಹಂಡೆಗೆ ಉರಿ ಹಾಕಿ, ಎಣ್ಣೆ ಬಟ್ಟಲು ಹಿಡಿದುಕೊಂಡು ಮಗಳ ಹತ್ತಿರ ಬಂದಳು.

“ಬಾ ರಮ್ಯಾ. ತಲೆಗೆ ನೀರ್ ಹಾಕ್ತೀನಿ.”

“ನಾನೇ ಹಾಕ್ಕೊತೀನಿ ಬಿಡಮ್ಮ. ನಾನೇನ್ ಮಗೂನಾ?”

ಹಾಗೆಂದು ಮೊಬೈಲಿನಿಂದ ತಲೆ ಎತ್ತಿದವಳು, ತಾಯಿ ರವಿಕೆಯ ತೋಳು ಮೇಲಕ್ಕೆ ಮಡಿಸಿಕೊಂಡಿರುವುದನ್ನು, ಮೊಣಕೈ ಆಗಲೇ ಒದ್ದೆಯಾಗಿರುವುದನ್ನು ನೋಡಿದಳು. ಮೊಬೈಲು ಕೆಳಗಿಟ್ಟು ಎದ್ದಳು.

ರಮ್ಯಾ ಬಚ್ಚಲಿನ ಮಣೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಳು. ಲತಾಮಣಿ ಎಣ್ಣೆ ತಿಕ್ಕಿದಳು. ಹುಡುಗಿಯ ತಲೆಯ ಆಕಾರವೇ ಅವಳಿಗೆ ಹೊಸದಾಗಿತ್ತು, ನೆತ್ತಿಯ ಹಿಂದೆ ಒಂದು ಸಣ್ಣ ಉಬ್ಬು ಇದ್ದದ್ದು ಈವರೆಗೆ ಗೊತ್ತೇ ಇರಲಿಲ್ಲ. ಬಕೆಟ್ಟಿಗೆ ಬಿಸಿನೀರು ಬಿಟ್ಟಳು, ತಣ್ಣೀರು ಬೆರೆಸಿದಳು. ಬಗ್ಗಿ ಮೊಣಕೈ ಇಳಿಸಿದಳು. ಇನ್ನೊಂದಿಷ್ಟು ತಣ್ಣೀರು ಬೆರೆಸಿ ಮತ್ತೆ ಇಳಿಸಿದಳು. ಚೊಂಬು ತುಂಬಿಸಿಕೊಂಡಳು.

ರಮ್ಯಾಳ ಕೈ ತಾನಾಗಿಯೇ ಪಕ್ಕದ ತಣ್ಣೀರಿನ ಮಗ್ಗಿನ ಕಡೆ ಹೋಯಿತು. ಈ ಮನೆಯಲ್ಲಿ ಬುದ್ಧಿ ಬಂದಾಗಿನಿಂದ ಹೋಗುತ್ತಿದ್ದ ಕೈ. ಅರ್ಧದಲ್ಲೇ ನಿಂತಿತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು, ಕಣ್ಣು ಮುಚ್ಚಿದಳು.

ಲತಾಮಣಿ ನೆತ್ತಿಯ ಮೇಲೆ ನೀರು ಹಾಕಿದಳು. ಮಗಳು ಕೂಗಲಿಲ್ಲ, ನಡುಗಲೂ ಇಲ್ಲ. ಖಾಲಿ ಚೊಂಬು ಹಿಡಿದು ನಿಂತ ಲತಾಮಣಿಗೆ ಕೇಳಲು ಭಯವಾಯಿತು.

“ಹೆಂಗೈತೆ?”

“ಇನ್ನೊಂದ್ ಚೊಂಬು ಹಾಕಮ್ಮ” ಎಂದಳು ರಮ್ಯಾ.

ಲತಾಮಣಿಗೆ ಅಳು ಬಂತು. ಅತ್ತೆ ಹೋದಾಗ ಬಾರದಿದ್ದದ್ದು ಈಗ ಬಂತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಒರೆಸಿಕೊಳ್ಳಲಿಲ್ಲ. ಮತ್ತೆ ಮೊಣಕೈ ಅದ್ದಿ ನೋಡಿ, ಚೊಂಬು ತುಂಬಿಸಿ, ಹಾಕಿದಳು. ಹಂಡೆಯ ನೀರು ಮುಗಿಯುವ ತನಕ ರಮ್ಯಾ ಮಣೆಯಿಂದ ಏಳಲಿಲ್ಲ.